ನೀಲಕ್ಕನ ಮೊಡವೆ

ಆಗೆಲ್ಲ ಕೊಳ್ಳೇಗಾಲ ಮದರಾಸಿನವರದ್ದು, ನಮ್ಮ ಮಾಂಬಳ್ಳಿ ಮೈಸೂರಿನವರದ್ದು. ಗಡಿ ಎಲ್ಲಿದ್ದರೇನು, ರೇಷ್ಮೆ ಹುಳು ಸಾಕುವ ಮನೆಗಳ ವಾಸನೆ ಎರಡೂ ಕಡೆ ಒಂದೇ: ಹಸಿ ಸೊಪ್ಪು, ಹುಳುವಿನ ಹಿಕ್ಕೆ, ಸಗಣಿ ಸಾರಿಸಿದ ಬಿದಿರು ತಟ್ಟೆ. ಆ ವಾಸನೆಯಲ್ಲೇ ಉಂಡು ಮಲಗಿ ಬೆಳೆದವಳು ನಾನು. ಈಗ ಎಲ್ಲಾದರೂ ಅದು ಮೂಗಿಗೆ ಬಡಿದರೆ ನನಗೆ ಊಟ ಸೇರುವುದಿಲ್ಲ.

ನನಗಾಗ ಒಂಬತ್ತು ವರ್ಷ, ಅಕ್ಕ ನೀಲಮ್ಮನಿಗೆ ಹದಿನೈದು. ಅವ್ವ ಇರಲಿಲ್ಲ, ಮನೆ ಅಜ್ಜಿಯ ಕೈಯಲ್ಲಿತ್ತು. ಹುಳು ಮಾತ್ರ ನೀಲಕ್ಕನವು. ಯಾವ ತಟ್ಟೆಯ ಹುಳು ಜ್ವರಕ್ಕೆ ಕೂತಿದೆ, ಅಂದರೆ ಪೊರೆ ಬಿಡುವುದಕ್ಕೆ ಸೊಪ್ಪು ಬಿಟ್ಟಿದೆ, ಯಾವುದು ಎದ್ದಿದೆ ಎಂದು ಅವಳು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಅಷ್ಟು ಪ್ರೀತಿ ಅವಳಿಗೆ ಆ ಹುಳುಗಳ ಮೇಲೆ.

ಆ ವರ್ಷ ಅವಳ ಮುಖದ ತುಂಬ ಮೊಡವೆ ಎದ್ದವು. ಮೈಕಾವು ಎಂದಳು ಅಜ್ಜಿ. ಕಡಲೆಕಾಯಿ ಬಂದ್, ಬೆಲ್ಲ ಬಂದ್, ಒಗ್ಗರಣೆಯ ಎಣ್ಣೆಯೂ ಬಂದ್. ಕೊಳೆಯಿಂದ ಬರುತ್ತದೆ ಅಂತಲೂ ಅವಳೇ ಹೇಳಿ, ದಿನಕ್ಕೆ ಮೂರು ಸಲ ಸೀಗೆಪುಡಿ ಹಾಕಿ ಹೀರೆಕಾಯಿ ನಾರಿನಲ್ಲಿ ತಿಕ್ಕಿಸುತ್ತಿದ್ದಳು. ಕೆನ್ನೆ ಕಿತ್ತು ರಕ್ತ ಬಂತು, ಮೊಡವೆ ಎರಡರಷ್ಟಾದವು. ಆಮೇಲೆ ಸುಣ್ಣ ಹಚ್ಚಿದರು. ಪಕ್ಕದ ಮನೆಯವಳು, ಮದುವೆ ಆಸೆ ಮುಖಕ್ಕೆ ಬಂದಿದೆ ಎಂದು ನಕ್ಕು ಹೋದಳು. ಅವತ್ತು ನೀಲಕ್ಕ ಊಟ ಮಾಡಲಿಲ್ಲ.

ಅಷ್ಟಕ್ಕೇ ಬಿಟ್ಟರೆ? ಒಂದು ದಿನ ಅಜ್ಜಿ ಹುಳುವಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ನಿನ್ ಮೊಕದ್ ಕೀವು ಉಳಕ್ಕೆ ಅಂಟ್ಕತದೆ ಕಣವ್ವ. ಇನ್ಮೇಲೆ ಒಳೀಕೆ ಬರ್ಬ್ಯಾಡ."

ಅಕ್ಕ ಜಗುಲಿಯಲ್ಲಿ ಸೊಪ್ಪು ಕತ್ತರಿಸುತ್ತಾ ಕೂತಳು. ಅವಳ ಮಧ್ಯಾಹ್ನದ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಅಂದರೆ ಕೇಳಬೇಡಿ, ಹಾಕಿದ್ದು ಸಾಲದು. ಅಪ್ಪ, ಅಜ್ಜಿ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಕುಂಟಾಬಿಲ್ಲೆ ಆಡುತ್ತಾ ಮೈಮರೆತೆ. ಓಡಿ ಬಂದು ನೋಡಿದರೆ ತಟ್ಟೆಗಳೆಲ್ಲ ಹಸಿರಾಗಿವೆ. ಅಕ್ಕ ಕೈ ಒರೆಸಿಕೊಳ್ಳುತ್ತಾ ಆಚೆ ಬರುತ್ತಿದ್ದಾಳೆ.

"ನೀನೇ ಆಕ್ದೆ ಅನ್ನು, ಇಲ್ದಿದ್ರೆ ಏಟು ತಿಂತೀಯ" ಎಂದಳು. ನನ್ನನ್ನು ಉಳಿಸುವುದಕ್ಕೇ ಅವಳು ಒಳಗೆ ಹೋಗಿದ್ದು.

ನಾಲ್ಕು ದಿನಕ್ಕೆ ಹುಳು ಸೊಪ್ಪು ಬಿಟ್ಟವು. ಮೈಮೇಲೆಲ್ಲ ಕರಿ ಚುಕ್ಕೆ. ಅಜ್ಜಿ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಅಕ್ಕನ ಮುಖ ನೋಡಿದಳು, ಮತ್ತೆ ಹುಳು ನೋಡಿದಳು. ಆಮೇಲೆ ನನ್ನ ಗದ್ದ ಹಿಡಿದು ಕೇಳಿದಳು:

"ದಿಟ ಯೋಳು, ಅವ್ಳು ಒಳೀಕ್ ಬಂದಿದ್ಲಾ?"

ನಾನು "ಊಂ" ಎಂದೆ. ಯಾಕೆ ಬಂದಿದ್ದಳು ಎಂದು ಹೇಳಲಿಲ್ಲ. ನೀಲಕ್ಕ ನನ್ನ ಕಡೆ ನೋಡಿದಳು. ಅವಳೂ ಹೇಳಲಿಲ್ಲ. ಥೂ ನನ್ನ ಬಾಯಿಗೆ! ಎರಡು ಏಟಿಗೆ ಹೆದರಿ ಸುಮ್ಮನಾದೆ ನಾನು.

ಅಪ್ಪ ಹುಳುವನ್ನೆಲ್ಲ ಗುಂಡಿಗೆ ಸುರಿದು ಮಣ್ಣೆಳೆದ. ಆ ಬೇಸಿಗೆಯಲ್ಲೇ ಅಕ್ಕನನ್ನು ಹನೂರಿನಾಚೆ, ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟರು. ಇವಳ ಕೈಯಿಂದ ಮನೆಗೆ ಒಳ್ಳೆಯದಾಗದು ಎಂದು ಅಜ್ಜಿ ತೀರ್ಮಾನಿಸಿಬಿಟ್ಟಿದ್ದಳು. ನನಗೆ ಹೊಸ ಲಂಗ ಹೊಲಿಸಿದರು, ನಾನು ಅದನ್ನುಟ್ಟು ಕುಣಿದೆ.

ಎರಡು ಮೂರು ವರ್ಷಕ್ಕೆ ಅವಳ ಮೊಡವೆ ತಾವಾಗಿಯೇ ಹೋದವು. ಸುಣ್ಣ ಸುಟ್ಟ ಕಲೆ ಉಳಿದುಕೊಂಡವು.

ನನಗೆ ಹದಿನೆಂಟಾದಾಗ ರೇಷ್ಮೆ ಇಲಾಖೆಯವರೊಬ್ಬರು ನಮ್ಮ ಮನೆಗೆ ಮೊಟ್ಟೆ ನೋಡಲು ಬಂದರು. ಆ ಕರಿ ಚುಕ್ಕೆಯ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ, ಹುಳು ಹುಟ್ಟುವಾಗಲೇ ಅದರ ಮೈಯಲ್ಲಿರುತ್ತದೆ ಎಂದರು. ಮನುಷ್ಯರ ಮೊಡವೆ ಅಂಟುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕರು. ಅದು ವಯಸ್ಸಿಗೆ ಬರುತ್ತದೆ, ಹೋಗುತ್ತದೆ, ಯಾರಿಗೂ ಅಂಟುವುದಿಲ್ಲ ಎಂದರು.

ಮಾರನೆಯ ದಿನವೇ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ನನ್ನ ತಪ್ಪನ್ನೂ ಸೇರಿಸಿ ಎಲ್ಲ ಹೇಳಿ ಅತ್ತೆ. ಬೈಯುತ್ತಾಳೆ ಅಂದುಕೊಂಡಿದ್ದೆ. ನನ್ನ ತಪ್ಪಿನ ಮಾತು ಅವಳ ಕಿವಿಗೇ ಬಿದ್ದಂತೆ ಕಾಣಲಿಲ್ಲ.

"ಅಂಗಾರೆ ಅದು ನನ್ ಮೊಕದಿಂದ ಆದದ್ದಲ್ವಾ?"

ಅಲ್ಲ ಎಂದೆ. ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಅಲ್ಲ ಎಂದೆ.

ಮಗ ಹುಟ್ಟಿದ ಮೇಲೆ ಒಂದು ದಿನವೂ ಅವನ ಕೆನ್ನೆಗೆ ಕೆನ್ನೆ ತಾಗಿಸಿಲ್ಲ ಎಂದು ಆಗ ಹೇಳಿದಳು. ಮುತ್ತಿಟ್ಟಿಲ್ಲ. ಹಾಲು ಕುಡಿಸುವಾಗಲೂ ಮುಖ ಆಚೆ ತಿರುಗಿಸಿಕೊಂಡೇ ಇರುತ್ತಿದ್ದಳಂತೆ. ಮೊಡವೆ ಹೋದರೂ ಒಳಗೆ ವಿಷ ಇದ್ದೀತು ಎಂಬ ಭಯ. ಅಜ್ಜಿಯ ಮಾತನ್ನು ಅಜ್ಜಿಗಿಂತ ಹೆಚ್ಚಾಗಿ ನಂಬಿದವಳು ಅವಳೇ.

ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಕರೆದಳು. ಬಂದ. ತಬ್ಬಿಕೊಂಡು ಅವನ ಕೆನ್ನೆಗೆ ಕೆನ್ನೆ ಒತ್ತಿದಳು. ಅಭ್ಯಾಸವಿಲ್ಲದ ಹುಡುಗ ಕೊಸರಾಡಿದ. "ಬುಡವ್ವ, ಎಲ್ರೂ ನೋಡ್ತಾವ್ರೆ" ಎಂದು ಅವಳ ಮುಖವನ್ನು ಕೈಯಿಂದ ತಳ್ಳಿ ಆಟಕ್ಕೆ ಓಡಿದ.

ಅವನಿಗೆ ಏಳು ವರ್ಷ ತುಂಬಿತ್ತು. ಅವ್ವನ ಕುತ್ತಿಗೆಗೆ ಜೋತುಬೀಳುವ ವಯಸ್ಸು ಆಗಲೇ ದಾಟಿಹೋಗಿತ್ತು.