ಬ್ರೆಡ್ಡಕ್ಕನ ಗಿಡ್ಡ ಸೈಕಲ್

ಬೇಕರಿಯ ಹಿಂಬಾಗಿಲು ತೆರೆಯುವ ಹೊತ್ತಿಗೆ ಬೀದಿದೀಪಗಳು ಇನ್ನೂ ಆರಿರುವುದಿಲ್ಲ. ಆಗಷ್ಟೇ ಒಲೆಯಿಂದ ಇಳಿದ ಬ್ರೆಡ್ಡುಗಳನ್ನು ಬುಟ್ಟಿಗೆ ಜೋಡಿಸಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿ, ಹಗ್ಗ ಬಿಗಿದು ಹೊರಡುತ್ತಾರೆ ಬ್ರೆಡ್ಡಕ್ಕ. ಆಳು ಗಿಡ್ಡ. ಸೈಕಲ್ಲು ಇನ್ನೂ ಗಿಡ್ಡ; ಅದರ ಚಕ್ರಗಳು ಮಕ್ಕಳ ಸೈಕಲ್ಲಿನಷ್ಟೇ ಇವೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವ ಮಾತನ್ನು ಯಾರೋ ಇವರಿಬ್ಬರನ್ನೂ ನೋಡಿಯೇ ಹೇಳಿರಬೇಕು.

ಆ ಹಳೇ ಸೈಕಲ್ಲನ್ನು ಬಿಚ್ಚಿ, ಉಜ್ಜಿ, ಮತ್ತೆ ಕಟ್ಟಿ ಓಡುವಂತೆ ಮಾಡಿದ್ದು ಬ್ರೆಡ್ಡಕ್ಕನೇ. ಅದಕ್ಕೆ ಮುಂಚೆ ಅವರು ನಟ್ಟು ಬಿಚ್ಚುವ ಪಾನಾ ಮುಟ್ಟಿದವರೂ ಅಲ್ಲ.

ವರ್ಷಗಟ್ಟಲೆ ಅವರು ಎರಡು ಕೈಯಲ್ಲಿ ಎರಡು ಚೀಲ ಹಿಡಿದು ನಡೆದೇ ಬ್ರೆಡ್ಡು ಹಂಚಿದವರು. ಕೆಳಗಿನ ಬೀದಿಗಳು ಸುಲಭ. ಏರು ಹತ್ತಿ ಮೇಲಿನ ಬೀದಿಗಳಿಗೆ ಹೋಗುವಷ್ಟರಲ್ಲಿ ಬ್ರೆಡ್ಡು ಆರಿ, ಜನ ಗೊಣಗತೊಡಗಿದರು. ತಿಂಗಳು ಮುಗಿದ ಮೇಲೆ ಆ ಬೀದಿಗಳನ್ನು ಸ್ಕೂಟರ್ ಇರುವವರಿಗೆ ಕೊಡುವುದಾಗಿ ಬೇಕರಿ ಯಜಮಾನರು ಹೇಳಿಬಿಟ್ಟರು.

"ಅವರದ್ದೇನೂ ತಪ್ಪಿಲ್ಲ ಬಿಡಿ," ಅನ್ನುತ್ತಾರೆ ಬ್ರೆಡ್ಡಕ್ಕ. "ಆದ್ರೆ ಆ ಮನೆಗಳನ್ನ ಒಂದೊಂದೇ ಬಾಗಿಲು ತಟ್ಟಿ ಹಿಡಿದದ್ದು ನಾನು. ಬೇರೆಯವರ ಕೈಗೆ ಹೇಗ್ ಬಿಟ್ಟುಕೊಡ್ಲಿ?"

ಬೇಕರಿಯ ದೊಡ್ಡ ಸೈಕಲ್ ಹತ್ತಿದರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಆಗ ನೆನಪಾದದ್ದು ಮನೆಯ ಮೆಟ್ಟಿಲ ಕೆಳಗೆ, ಹಳೇ ಬಕೆಟ್ಟುಗಳ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಅತ್ತೆಯ ಸೈಕಲ್. ನೂಲಿನ ಗಿರಣಿಗೆ ಹೋಗುತ್ತಿದ್ದ ಕಾಲದಲ್ಲಿ ಅತ್ತೆ ಅದರಲ್ಲೇ ಓಡಾಡಿದವರು. ಅವರೂ ಗಿಡ್ಡನೆಯವರೇ. "ಸೈಕಲ್ಲಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಸೊಸೆ ಸಿಕ್ಕಿದ್ಳು ನಂಗೆ," ಎಂದು ಅವರು ಬಾಗಿಲಲ್ಲಿ ಕೂತು ನಗುತ್ತಾರೆ. ಸೈಕಲ್ ಅಂಗಡಿಯವನು ಮಾತ್ರ ಒಂದು ಸಲ ನೋಡಿ, "ಇದಕ್ಕೆ ಸಾಮಾನು ಸಿಗಲ್ಲಕ್ಕ, ಗುಜರಿಗೆ ಹಾಕಿ," ಅಂದಿದ್ದ.

ಹಾಕಲಿಲ್ಲ. ಬ್ರೆಡ್ಡು ಹಂಚಿ ಬಂದ ಮೇಲೆ ಅಡುಗೆಮನೆಯ ನೆಲಕ್ಕೆ ಹಳೇ ಹೊದಿಕೆ ಹಾಸಿ, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಸಾಲಿನಲ್ಲೇ ಇಟ್ಟುಕೊಂಡು ಕೂರತೊಡಗಿದರು. ಜಗ್ಗದ ನಟ್ಟಿಗೆ ಸೀಮೆಎಣ್ಣೆ, ತುಕ್ಕಿಗೆ ಉಪ್ಪುಕಾಗದ. ಬೇರಿಂಗಿನ ಗುಂಡುಗಳು ಉರುಳಿ ಒಲೆಯ ಕಟ್ಟೆಯ ಕೆಳಗೆ ಸೇರಿದಾಗ ಅತ್ತೆ ಸೊಸೆ ಇಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದ್ದಾರೆ. "ಬಿಚ್ಚೋಕೆ ಎಲ್ಲರಿಗೂ ಬರುತ್ತೆ ಕಣೇ, ಜೋಡಿಸೋದು ನೋಡೋಣ," ಎಂದು ಗಂಡ ಕೆಣಕುತ್ತಿದ್ದರಂತೆ. ಕೆಣಕುತ್ತಲೇ ಹೊಸ ಟೈರು ತಂದುಕೊಟ್ಟದ್ದೂ ಅವರೇ.

ಜೋಡಿಸಿದ್ದೂ ಆಯಿತು. ಯಜಮಾನರ ಗಡುವಿಗೆ ಇನ್ನೊಂದೇ ದಿನ ಇತ್ತು. ಬ್ರೆಡ್ಡಕ್ಕ ಮನೆ ಮುಂದೆ ಒಂದು ಸುತ್ತು ಹೊಡೆದರು. ಅತ್ತೆ ಕೂಗಿದರು: "ಏ, ನಿನ್ನ ಸೈಕಲ್ ಕುಂಟ್ತಾ ಇದೆಯಲ್ಲೇ!"

ನಿಜಕ್ಕೂ ಕುಂಟುತ್ತಿತ್ತು. ಪ್ರತಿ ತುಳಿತಕ್ಕೂ ಒಂದು ಮಂಡಿ ಬೇಗ ಏರುತ್ತಿತ್ತು, ಇನ್ನೊಂದು ತಡವಾಗಿ. ಖಾಲಿ ಬುಟ್ಟಿಗೇ ಹೀಗಾದರೆ ಏರು ಹತ್ತುವುದು ಕನಸಿನ ಮಾತು. "ಅವತ್ತು ಅತ್ತುಬಿಟ್ಟೆ," ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆಮೇಲೆ ಮೂಗು ಒರೆಸಿಕೊಂಡು, ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಪೆಡಲು ತಿರುಗಿಸುತ್ತ ನೋಡುತ್ತಲೇ ಕೂತರು. ಒಂದು ಪೆಡಲು ನೇರ ಕೆಳಗಿದ್ದಾಗ ಇನ್ನೊಂದು ನೇರ ಮೇಲಿರಬೇಕು. ಇರಲಿಲ್ಲ. ಪೆಡಲಿನ ಕೋಲನ್ನು ಅಚ್ಚಿಗೆ ಬಿಗಿಯುವ ಎರಡು ಪಿನ್ನುಗಳಲ್ಲಿ ಪ್ರತಿಯೊಂದರದ್ದೂ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಅಂದವಾಗಿ ಕಾಣಲಿ ಎಂದು ಬ್ರೆಡ್ಡಕ್ಕ ಎರಡನ್ನೂ ಒಂದೇ ಕಡೆ ಮುಖ ಮಾಡಿ ಹಾಕಿದ್ದರು! ಒಂದು ಹಿಂದಿನಿಂದ ಹೋದರೆ ಮತ್ತೊಂದು ಮುಂದಿನಿಂದ ಹೋಗಬೇಕು.

"ಸೀರೆ ನೆರಿಗೆ ಹಾಗೆ ಎಲ್ಲ ಒಂದೇ ಕಡೆ ಇರ್ಬೇಕು ಅಂದ್ಕೊಂಡಿದ್ದೆ ನೋಡಿ," ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ಒಂದು ಪಿನ್ನನ್ನು ಹೊರಗೆ ತೆಗೆದು, ತಿರುಗಿಸಿ ಬಡಿದರು. ಕುಂಟು ಹೋಯಿತು.

ಮಾರನೆಯ ಬೆಳಿಗ್ಗೆ ಏರಿನ ಅರ್ಧದಲ್ಲೂ ಇಳಿಯದೆ ಮೇಲಿನ ಬೀದಿ ಮುಟ್ಟಿದಾಗ ಬುಟ್ಟಿಯ ಬಟ್ಟೆ ಇನ್ನೂ ಬೆಚ್ಚಗಿತ್ತು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಕಾಣುವ ಹೆಮ್ಮೆ ನೋಡಿ ನನಗೂ ಖುಷಿಯಾಗುತ್ತದೆ. ಹಿಂದೆ ಗುಜರಿಗೆ ಹಾಕಿ ಅಂದ ಅಂಗಡಿಯವನೇ ಈಗ ಅಡ್ಡ ನಿಲ್ಲಿಸಿ ಬೆಲ್ಲು ಬಾರಿಸಿ ನೋಡುತ್ತಾನೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಮೇಲಿನ ಬೀದಿ ತೋರಿಸಬೇಕಂತೆ. ಬಾಗಿಲಿನಿಂದ ಥಟ್ಟನೆ ಉತ್ತರ ಬರುತ್ತದೆ: "ನಾನ್ಯಾಕೆ ಹಿಂದೆ ಕೂರ್ಲಿ? ಸೈಕಲ್ ನಂದು!"

ಯಜಮಾನರು ಏನು ಹೇಳಿದರು ಎಂದು ಕೊನೆಗೆ ಕೇಳುತ್ತೇನೆ. ಬ್ರೆಡ್ಡಕ್ಕ ಖಾಲಿ ಬುಟ್ಟಿಯ ಹಗ್ಗ ಬಿಗಿಯುತ್ತ ನಗುತ್ತಾರೆ.

"ಗಡುವು ಮುಗಿದ ಮಾರನೇ ದಿನ ಮೇಲಿನ ಬೀದಿಗಳ ಬ್ರೆಡ್ಡನ್ನ ಅವರೇ ಎತ್ತಿ ನನ್ನ ಬುಟ್ಟಿಗೆ ಇಟ್ರು."