ಇಂಟರ್‌ವಲ್ ಆದಮೇಲಿನ ಕಥೆಗಳು

…ಅಥವಾ ಆ ಬಟ್ಟೆ ನೀಲಿಯದೇ ಆಗಿರಲಿಲ್ಲವೇನೋ. ಹೋದ ವಾರ ಹಳೆಯ ಕೈಚೀಲದ ಜಿಪ್ಪು ಎಳೆದೆ. ಒಳಗಿಂದ ಕರ್ಪೂರ, ಲವಂಗ, ಓಮದ ಕಾಳಿನ ವಾಸನೆ ಎದ್ದಿತು. ಮೂಲೆಯಲ್ಲಿ ಒಂದು ಪುಟ್ಟ ಗಂಟು. ಕೊರೊನಾ ಕಾಲದಲ್ಲಿ ಜನ ಮೂಗಿಗೆ ಹಿಡಿದುಕೊಂಡು ಓಡಾಡುತ್ತಿದ್ದರಲ್ಲ, ಅಂಥದ್ದು. ಪಕ್ಕದ ಮನೆಯ ಆಂಟಿ ತಮ್ಮ ನೀಲಿ ಸೀರೆಯ ಚೂರು ಹರಿದು ಕಟ್ಟಿಕೊಟ್ಟದ್ದೆಂದು ಇಷ್ಟು ದಿನ ನಂಬಿದ್ದೆ. ಇದು ಹಸಿರು. ಹಾಗಾದರೆ ಉಳಿದದ್ದರಲ್ಲಿ ಇನ್ನೇನೇನು ತಪ್ಪಿದೆಯೋ…

ಖಚಿತವಾಗಿ ಹೇಳಬಲ್ಲದ್ದು ಇಷ್ಟು. ತುಮಕೂರಿನ ನಮ್ಮ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆಯಿತ್ತು. ನನ್ನ ಗಂಡ ಆಸ್ಪತ್ರೆಯಲ್ಲಿದ್ದ, ಆಕ್ಸಿಜನ್ ಮೇಲೆ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ, ಮಧ್ಯಾಹ್ನದ ಮೇಲೆ ಯಾವಾಗಲೋ, ಅಲ್ಲಿಂದ ಫೋನ್ ಬರುತ್ತಿತ್ತು. ಅದಕ್ಕೆ ಕಾಯುವುದೇ ನನ್ನ ಕೆಲಸ. ಓದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ನನಗೆ ಒಂದು ಪುಟವನ್ನೂ ದಾಟಲಾಗುತ್ತಿರಲಿಲ್ಲ. ಯಾವ ಕಾದಂಬರಿ ತೆರೆದರೂ ಅದರಲ್ಲಿ ಯಾರಿಗೋ ಏನೋ ಆಗುವುದರಲ್ಲಿತ್ತು.

ಆಂಟಿ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯವರು. ಅರವತ್ತು ದಾಟಿತ್ತು, ಗಂಡ ತೀರಿಕೊಂಡಿದ್ದರು, ಮಗಳನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಗೋಡೆಯಾಚೆ ನಿಂತು ಸಿನಿಮಾ ಕಥೆ ಹೇಳುತ್ತಿದ್ದರು. ಎಲ್ಲವೂ ಅರ್ಧದಿಂದ ಶುರು. ಚಿಕ್ಕಂದಿನಲ್ಲಿ ಟೆಂಟ್ ಸಿನಿಮಾದ ಹೊರಗೆ ಕಾದು ಕೂತಿರುತ್ತಿದ್ದರಂತೆ. ಇಂಟರ್‌ವಲ್ ಮುಗಿದು ದೀಪ ಆರಿದ ಮೇಲೆ ಗೇಟಿನವನು ಬಾಗಿಲಿನ ಪರದೆ ಎತ್ತಿ, ಟಿಕೆಟ್ ಇಲ್ಲದ ಮಕ್ಕಳನ್ನೂ ನೆಲದ ಮೇಲೆ ಕೂರಲು ಬಿಡುತ್ತಿದ್ದನಂತೆ.

“ಕಷ್ಟ ಹೆಂಗ್ ಬಂತು ಅಂತ ನಂಗೊತ್ತಿಲ್ಲ ಕಣವ್ವ,” ಎನ್ನುತ್ತಿದ್ದರು. “ಹೆಂಗ್ ಹೋಯ್ತು ಅಂತ ಕೇಳು, ಹೇಳ್ತೀನಿ.”

ಮೊದಲರ್ಧ ಕಟ್ಟುವುದು ನನ್ನ ಪಾಲಿಗೆ ಬಂತು. ಕಪಾಟಿನ ಕಾದಂಬರಿಗಳಿಂದ ಕಷ್ಟಗಳನ್ನು ಎತ್ತಿ ತಂದು ಅವರ ನಾಯಕರ ತಲೆಗೆ ಕಟ್ಟುತ್ತಿದ್ದೆ. ಮುಟ್ಟಲಾಗದೆ ಬಿಟ್ಟಿದ್ದ ಪುಸ್ತಕಗಳನ್ನು ಹಾಗೆ ಮತ್ತೆ ತೆರೆದೆ.

“ನಿನ್ ಬುಕ್ನೋರೆಲ್ಲಾ ಬರೀ ಯೋಚ್ನೆ ಮಾಡ್ಕೊಂಡೇ ಕೂತಿರ್ತಾರಲ್ಲೇ! ನಮ್ ಟೆಂಟ್‌ನಲ್ಲಾಗಿದ್ರೆ ಇಷ್ಟೊತ್ಗೆ ಎರಡು ಫೈಟ್ ಆಗಿರೋದು.”

ಕಥೆ ಮುಗಿದ ಮೇಲೆ ಒಂದು ಕಟ್ಟಳೆಯಿತ್ತು. ಯಾರಿಗಾದರೂ ‘ಹೊಟ್ಟೆ ತಣ್ಣಗಿರಲಿ’ ಅನ್ನದೆ ಒಳಗೆ ಹೋಗುವಂತಿಲ್ಲ. ಅವರದು ಯಾವಾಗಲೂ ಆ ಗೇಟಿನವನಿಂದ ಶುರು. ನಾನು ಒಮ್ಮೆ ಫೋನ್ ಮಾಡುವ ನರ್ಸಿನ ಹೊಟ್ಟೆ ತಣ್ಣಗಿರಲಿ ಎಂದೆ.

“ಬರೀ ನರ್ಸಾ? ಆ ಫೋನಿಗೆ ಕರೆನ್ಸಿ ಹಾಕ್ಸಿದೋನು? ಅವನೇನ್ ಪಾಪ ಮಾಡಿದ್ದ?”

ನಕ್ಕಿದ್ದೆ ಅನಿಸುತ್ತದೆ. ಆ ದಿನಗಳಲ್ಲಿ ನಕ್ಕಿದ್ದು ಸಾಧ್ಯವೇ ಎಂದೂ ಅನಿಸುತ್ತದೆ.

ಒಂದು ದಿನ ಫೋನ್ ಬರಲಿಲ್ಲ. ನಾನೇ ಮಾಡಿದರೆ ಯಾರೂ ಎತ್ತಲಿಲ್ಲ. ಬಿಸಿಲು ಗೋಡೆ ದಾಟಿ ಅವರ ಅಂಗಳಕ್ಕೆ ಹೋಯಿತು. ಆಂಟಿ ಕಥೆ ನಿಲ್ಲಿಸಲಿಲ್ಲ. ಯಾವುದೋ ಸಿನಿಮಾ, ಹಾಸಿಗೆ ಹಿಡಿದ ಒಬ್ಬ ಅಣ್ಣ, ಮಾತಾಡಲಾರ, ತಂಗಿ ಪಕ್ಕದಲ್ಲಿ ಕೂತಿದ್ದಾಳೆ… ಹೇಳುತ್ತ ಹೇಳುತ್ತ ಅವರು ಗೋಡೆಯ ಗಾರೆಯನ್ನು ಉಗುರಿನಲ್ಲಿ ಕೆರೆಯುತ್ತಿದ್ದರು. ಪುಡಿ ಉದುರುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಆಂಟಿ, ಆ ಅಣ್ಣ ಬದುಕ್ತಾನಾ?”

“ಬದುಕ್ತಾನೆ ಕಣೇ.”

“ನಿಜವಾಗ್ಲೂ?”

“ನಾನೇ ಕಣ್ಣಾರೆ ನೋಡಿದೀನಿ. ಎದ್ದು ಕೂತ್ಕೊಂಡು ನೀರ್ ಕೇಳ್ತಾನೆ.”

ಫೋನ್ ಬಂದದ್ದು ಸಂಜೆಯಾದ ಮೇಲೆ. ಆಕ್ಸಿಜನ್ ಕಡಿಮೆ ಮಾಡಿದ್ದೇವೆ, ಗಂಜಿ ಕುಡಿದಿದ್ದಾರೆ ಎಂದರು. ನಾನು ಗೋಡೆಯತ್ತ ಓಡಿ ಅದನ್ನು ಹೇಳಿದಾಗ ಆಂಟಿ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಗೋಡೆಯ ಮೇಲಿಂದ ಬಗ್ಗಿ ನೋಡಿದರೆ ಅವರ ನೆತ್ತಿ ಮಾತ್ರ ಕಾಣುತ್ತಿತ್ತು.

ಗಂಡ ಮನೆಗೆ ಬಂದ. ಮುಂದಿನ ವರ್ಷ ಆಂಟಿ ಮಗಳ ಮನೆಗೆ ಹೋದರು. ಮೊದಮೊದಲು ಫೋನ್ ಮಾಡಿಕೊಳ್ಳುತ್ತಿದ್ದೆವು, ಆಮೇಲೆ ಹಬ್ಬಕ್ಕೆ, ಆಮೇಲೆ… ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಕುಣಿಗಲ್ಲಿಗೆ ಹೋದೆ. ಕಾಫಿ ತಂದ ಮಗಳಿಗೆ ಟೆಂಟಿನ ಕಥೆಗಳ ಬಗ್ಗೆ ಹೇಳಿದೆ. ಅವಳು ಲೋಟ ಹಿಡಿದುಕೊಂಡೇ ನನ್ನ ಮುಖ ನೋಡಿದಳು.

“ಅಮ್ಮ ಸಿನಿಮಾ ಕಥೆ ಹೇಳೋರಾ? ಅವ್ರು ಒಂದು ಸಿನಿಮಾನೂ ಕೊನೇವರ್ಗೂ ನೋಡ್ದೋರಲ್ಲ ಅಕ್ಕ. ಯಾರಾದ್ರೂ ಹಾಸಿಗೆ ಹಿಡಿದ್ರು ಅಂದ್ರೆ ಸಾಕು, ಟೀವಿ ಮುಂದಿಂದ ಎದ್ದು ಅಡುಗೆಮನೆಗೆ ಹೋಗೋರು. ಏನಾಯ್ತು ಅಂತ್ಲೂ ಕೇಳ್ತಿರ್ಲಿಲ್ಲ.”

ಬಸ್ಸಿನಲ್ಲಿ ಬರುತ್ತ ಬೇರೆಬೇರೆ ರೀತಿ ಜೋಡಿಸಿ ನೋಡಿದೆ. ಟೆಂಟಿನ ಹುಡುಗಿ ಎಲ್ಲವನ್ನೂ ನೋಡಿರಬಹುದು, ಹೆದರಿಕೆ ಅವಳ ಗಂಡ ತೀರಿಕೊಂಡ ಮೇಲೆ ಬಂದಿರಬಹುದು. ಅಥವಾ ಆಗಲೂ ಕೊನೆಗೆ ಮುಂಚೆ ಎದ್ದು ಓಡುತ್ತಿದ್ದಳೋ ಏನೋ. ಅಥವಾ ‘ಕಣ್ಣಾರೆ ನೋಡಿದೀನಿ’ ಎಂದು ಅವರು ಅಂದೇ ಇಲ್ಲ, ಆ ಮಾತು ಬೇಕಾಗಿದ್ದ ನಾನೇ ಅವರ ಬಾಯಲ್ಲಿ ಇಟ್ಟೆ. ಯಾವ ಜೋಡಣೆಯೂ ನಿಲ್ಲುವುದಿಲ್ಲ.

ಈಗಲೂ ಒಳಕೋಣೆಯಲ್ಲಿ ಗಂಡ ಕೆಮ್ಮಿದರೆ ನನ್ನ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ಇನ್ನೊಂದು ಕೆಮ್ಮು ಬರುತ್ತದೋ ಎಂದು ಕಾಯುತ್ತೇನೆ. ಕಾಯುವಾಗ ಜೊತೆಗೆ ನಿಲ್ಲಲು ಅವರಿಲ್ಲ. ಆ ಸಂಜೆ ಗೋಡೆಯಾಚೆ ನಿಂತಿದ್ದವರಿಗೆ ಕಥೆಯ ಕೊನೆ ಗೊತ್ತಿತ್ತೋ, ಇಲ್ಲ ನನ್ನಷ್ಟೇ ಹೆದರಿಕೆಯಾಗಿತ್ತೋ, ನನಗೆ ಗೊತ್ತಿಲ್ಲ.