ಅಪ್ಪನಿಂದ ಹೇಳಿಸಿದ ಪ್ರಾರ್ಥನೆ

ಅಪ್ಪ ಚರ್ಚಿನ ಗೇಟಿನವರೆಗೆ ಬರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ನಾವು ಮೈಸೂರು ಕಡೆಯ ಕ್ರೈಸ್ತರು. ಅಪ್ಪನಿಗೆ ಚೆನ್ನೈ ಅಂಚಿನ ಎಣ್ಣೂರಿನಲ್ಲಿ ಕೆಲಸ ಸಿಕ್ಕಿ ಚೆನ್ನೈಗೆ ಬಂದೆವು; ಅವರು ನಿವೃತ್ತರಾದ ಮೇಲೆ ಊರಿನ ಇನ್ನೊಂದು ತುದಿಯ ತಾಂಬರಂನಲ್ಲಿ ಮನೆ ಮಾಡಿದೆವು. ಕನ್ನಡ ಆರಾಧನೆ ಇದ್ದದ್ದು ತಿಂಗಳಿಗೊಂದೇ ಸಲ, ತಮಿಳು ಸಭೆಯವರು ನಮಗೆ ಬಿಟ್ಟುಕೊಡುತ್ತಿದ್ದ ಒಂದು ಭಾನುವಾರ ಮಧ್ಯಾಹ್ನ. ಅಮ್ಮನ ಬೈಬಲು, ಕೀರ್ತನೆ ಪುಸ್ತಕ, ನೀರಿನ ಬಾಟಲಿ ಇದ್ದ ಚೀಲ ಹಿಡಿದು ಅಪ್ಪ ಎಲೆಕ್ಟ್ರಿಕ್ ಟ್ರೇನಿನಲ್ಲಿ ನಮ್ಮ ಜೊತೆಗೇ ಬರುತ್ತಿದ್ದರು. ಗೇಟಿನ ಹತ್ತಿರ ಚೀಲ ಕೊಟ್ಟು, ಹೊರಗಿನ ಕಲ್ಲುಬೆಂಚಿನ ಮೇಲೆ ಪೇಪರ್ ಬಿಡಿಸಿ ಕೂರುತ್ತಿದ್ದರು.

"ಯಜಮಾನ್ರು ಒಳಗೆ ಬರಲ್ವಾ?" ಎಂದು ಯಾರಾದರೂ ಕೇಳಿದರೆ ಅಮ್ಮ, "ಅವರಿಗೆ ಸೆಕೆ ತಡೆಯಲ್ಲ" ಎನ್ನುತ್ತಿದ್ದಳು. ಒಳಗೆ ಹನ್ನೆರಡು ಫ್ಯಾನು, ಹೊರಗೆ ಮೇ ತಿಂಗಳ ಬಿಸಿಲು! ಕೇಳಿದವರು ನಗು ನುಂಗಿಕೊಂಡು ಒಳಗೆ ಹೋಗುತ್ತಿದ್ದರು.

ಅಪ್ಪ ದೇವರನ್ನು ಬೈದವರಲ್ಲ. ಗಡ್ಡ ಹೆರೆಯುವಾಗ ಕೀರ್ತನೆಗಳನ್ನೇ ಗುನುಗುತ್ತಿದ್ದರು. ಒಮ್ಮೆ ನಾನು ಹಟ ಹಿಡಿದು ಕಾರಣ ಕೇಳಿದಾಗ ಹೇಳಿದರು: "ನಂಗೆ ನಂಬಿಕೆ ಬರ್ತಿಲ್ಲ ಕಣಮ್ಮ. ಕಣ್ಣು ಮುಚ್ಚಿ ಕೂತ್ರೆ ಆ ಕಡೆ ಯಾರೂ ಇಲ್ಲ ಅನ್ಸತ್ತೆ. ನಿಮ್ಮಮ್ಮ ಪ್ರಾರ್ಥನೆ ಮಾಡೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಬಂದಿದ್ರೆ ನಾನು ಬೇಡ ಅಂತಿದ್ನಾ?"

"ಪೋಂಗಪ್ಪಾ, ಸುಮ್ನೆ ನೆವ ಹೇಳ್ಬೇಡಿ" ಎಂದೆ. ಕೋಪ ಬಂದರೆ ನನ್ನ ಬಾಯಿಗೆ ತಮಿಳೇ ಮೊದಲು ಬರುತ್ತಿತ್ತು. ನಂಬದವರಿಗೆ ಪರಲೋಕವಿಲ್ಲ ಎಂದು ಭಾನುವಾರದ ಶಾಲೆಯಲ್ಲಿ ಕಲಿತಿದ್ದೆ. ಅಮ್ಮ, ನಾನು ಅಲ್ಲಿ, ಅಪ್ಪ ಇನ್ನೆಲ್ಲೋ ಎಂಬ ಯೋಚನೆ ಏಳನೇ ವಯಸ್ಸಿನಿಂದ ನನ್ನ ಹೊಟ್ಟೆಯಲ್ಲಿ ಕೂತಿತ್ತು. ಅದು ಭಯ ಎಂದು ಆಗ ಗೊತ್ತಿರಲಿಲ್ಲ, ಭಕ್ತಿ ಎಂದುಕೊಂಡಿದ್ದೆ.

ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ಎತ್ತುವ ಪದ್ಧತಿ ಇತ್ತು. ತಟ್ಟೆಯಲ್ಲಿ ಪುಟ್ಟ ಕಾರ್ಡುಗಳನ್ನು ಬೋರಲು ಹಾಕಿಟ್ಟಿರುತ್ತಾರೆ, ಒಂದೊಂದರಲ್ಲೂ ಒಂದು ವಚನ. ಕೈಗೆ ಬಂದದ್ದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಅಮ್ಮ ಯಾವಾಗಲೂ ಎರಡು ಎತ್ತುತ್ತಿದ್ದಳು, ಸಭೆಯ ಹಿರಿಯರು ಹುಬ್ಬು ಗಂಟಿಕ್ಕಿದರೂ ಕ್ಯಾರೇ ಎನ್ನುತ್ತಿರಲಿಲ್ಲ. ಎರಡನೆಯದು ಬೆಂಚಿನ ಮೇಲೆ ಕೂತ ಅಪ್ಪನಿಗೆ. ಅವರು ಅದನ್ನು ಟ್ರೇನಿನ ಸೀಸನ್ ಪಾಸಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ವರ್ಷವಿಡೀ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಎರಡು ಸಾವಿರದ ಇಸವಿಯ ಆಚೀಚೆ ಅಮ್ಮ ತೀರಿಕೊಂಡಳು. ಮುಂದಿನ ಜನವರಿಯಲ್ಲಿ ನಾನು ಒಂದೇ ಕಾರ್ಡು ಎತ್ತಿದೆ. ಬೆಂಚಿನಿಂದ ಎದ್ದು ಅಪ್ಪ ಕೈ ಚಾಚಿದಾಗ, "ಬೇಕಿದ್ರೆ ಒಳಗೆ ಬಂದು ನೀವೇ ತಗೊಳ್ಳಿ. ನಂಬೋರಿಗೆ ಕೊಡೋದು ಅದು" ಎಂದೆ. ಅವರು ಚಾಚಿದ ಕೈಯಿಂದಲೇ ನನ್ನ ಚೀಲ ತೆಗೆದುಕೊಂಡು ಸ್ಟೇಷನ್ನಿನ ಕಡೆ ನಡೆದರು. ಅಯ್ಯೋ, ಎಂಥ ಗರ್ವ ನನ್ನದು! ಅಮ್ಮ ಕೊಟ್ಟ ಕೊನೆಯ ಕಾರ್ಡು ಅಕ್ಷರ ಮಾಸಿದರೂ ಅವರ ಜೇಬಿನಲ್ಲೇ ಉಳಿಯಿತು.

ಕನ್ನಡ ಆರಾಧನೆ ನಡೆಸಲು ಬರುತ್ತಿದ್ದ ಪಾದ್ರಿ ಅಯ್ಯನವರಿಗೆ ವಯಸ್ಸಾಗಿತ್ತು. ಅವರ ಹತ್ತಿರ ಅಪ್ಪನ ಮೇಲೆ ದೂರು ಹೇಳಿದೆ. ಅವರು ನಿಧಾನವಾಗಿ, "ನಂಬಿಕೆ ಅನ್ನೋದು ನಾವು ಕಟ್ಟೋ ಫೀಸಲ್ಲ ಮಗಳೇ. ಅದೂ ದೇವರು ಕೊಡೋದೇ, ಬಿಟ್ಟಿಯಾಗಿ. ನಿನಗೆ ಸಿಕ್ಕಿದೆ, ಸಂತೋಷಪಡು" ಎಂದರು.

"ಹಾಗಾದ್ರೆ ನಂಬದೇ ಇರೋರ ಗತಿ?"

"ಜ್ವರ ಬಂದು ಬಾಯಿ ಕೆಟ್ಟ ಮಗನಿಗೆ ಅಮ್ಮನ ಅಡುಗೆ ರುಚಿಸಲ್ಲ. ಹಾಗಂತ ಅವಳು ಅವನನ್ನ ಮನೆಯಿಂದ ಆಚೆ ಹಾಕ್ತಾಳಾ?"

ನನಗೆ ರೇಗಿಹೋಯಿತು. ಇಷ್ಟು ವರ್ಷ ಉಪವಾಸ ಮಾಡಿ, ಮೊಣಕಾಲು ಸವೆಸಿ, ಕೊನೆಗೆ ಬೆಂಚಿನ ಮೇಲೆ ಪೇಪರ್ ಓದಿದವರಿಗೂ ನಮಗೂ ವ್ಯತ್ಯಾಸವೇ ಇಲ್ಲವೇ? ಅಯ್ಯನವರಿಗೆ ಅರಳುಮರಳು ಎಂದುಕೊಂಡು ಎದ್ದು ಬಂದೆ.

ಕೆಲವು ವರ್ಷಗಳ ನಂತರ ಅಪ್ಪನ ಕಿಡ್ನಿ ಕೈಕೊಟ್ಟಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದ ಮಾರನೆಯ ಮಧ್ಯಾಹ್ನ ನಾನು ಬಾಗಿಲು ಹಾಕಿ ಅವರ ಮಂಚದ ಪಕ್ಕ ಮಂಡಿಯೂರಿದೆ. "ಅಪ್ಪ, ನಾನು ಹೇಳಿದ ಹಾಗೇ ಹೇಳಿ. ನನಗೋಸ್ಕರ" ಎಂದೆ. ನಮ್ಮಲ್ಲಿ ಹಾಗೆ ಪ್ರಾರ್ಥನೆಯನ್ನು ಸಾಲು ಸಾಲಾಗಿ ಹೇಳಿಸುವ ರೂಢಿ ಇದೆ. ಹೇಳಿದರೆ ರಕ್ಷಣೆ ಆಯಿತು, ಪರಲೋಕ ಸಿಕ್ಕಿತು ಎಂದು ಲೆಕ್ಕ.

ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಅಪ್ಪ ಹೇಳುತ್ತಾ ಹೋದರು. ಕರ್ತನೇ, ನಾನು ಪಾಪಿ. ಹೇಳಿದರು. ನನ್ನನ್ನು ಕ್ಷಮಿಸು. ಹೇಳಿದರು. ನಾನು ನಿನ್ನನ್ನು ನಂಬುತ್ತೇನೆ ಎಂದಾಗ ನಿಲ್ಲಿಸಿದರು.

"ಇದೊಂದು ಸುಳ್ಳಾಗತ್ತೆ ಕಣಮ್ಮ. ಹೇಳ್ಲಾ?"

"ಹೇಳಿ."

ನನ್ನ ಮುಖ ನೋಡುತ್ತಲೇ ಹೇಳಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಕೇಳಿದರು: "ಈಗ ನಿನ್ನ ಭಯ ಹೋಯ್ತಾ?"

ನಾನು ಹೂಂ ಎಂದೆ. ಮೂರನೆಯ ದಿನ ಅವರು ಹೋದರು.

ನನ್ನಿಂದ ಸುದ್ದಿ ತಿಳಿದ ಸಭೆಯವರು ಕೈ ಹಿಡಿದು, ಅಂತೂ ನಿಮ್ಮಪ್ಪ ಕೊನೇಲಿ ರಕ್ಷಣೆ ಹೊಂದಿದ್ರಲ್ಲ, ಎಲ್ಲರ ಮುಂದೆ ಸಾಕ್ಷಿ ಹೇಳಮ್ಮ ಎಂದರು. ಎದ್ದು ನಿಂತೆ. ಮೈಕಿನ ಮುಂದೆ ಅತ್ತು, ಹೋಗಿ ಕೂತೆ. ಸಂತೋಷಕ್ಕೆ ಅಳು ಬಂತೆಂದು ಅವರು ಸ್ತೋತ್ರ ಹೇಳಿದರು.

ನಾನು ಇಂದಿಗೂ ನಂಬುವವಳೇ. ಆ ಮಧ್ಯಾಹ್ನ ಮತ್ತೆ ಸಿಕ್ಕರೆ ಎಂದು ಎಷ್ಟು ಹಂಬಲಿಸಿದ್ದೇನೋ! ಏನೂ ಹೇಳಿಸುವುದಿಲ್ಲ, ಬಾಗಿಲೂ ಹಾಕುವುದಿಲ್ಲ, ಅವರ ಕೈ ಹಿಡಿದು ಸುಮ್ಮನೆ ಕೂರುತ್ತೇನೆ. ದೇವರು ಅಪ್ಪನನ್ನು ಬಿಡುವುದಿಲ್ಲ ಎಂದು ನಂಬಬೇಕಾಗಿದ್ದವಳು ನಾನು. ಆ ಕೋಣೆಯಲ್ಲಿ ನಂಬಿಕೆ ಇಲ್ಲದೆ ಇದ್ದದ್ದು ನನಗೆ.